ಒಕ್ಕದ ಅಭಿಮಾನಿ

ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ತನ್ನ ಮನೆತನದ ತಂಡ ಎಲ್ಲಿ ಆಡುತ್ತದೋ ಅಲ್ಲಿಗೆ ಬುತ್ತಿ ಕಟ್ಟಿಕೊಂಡು ಹೊರಡುವ ವ್ಯಕ್ತಿಯನ್ನು ಒಕ್ಕದ ಅಭಿಮಾನಿ ಎನ್ನಬಹುದು. ಒಂದೇ ಐನ್‌ಮನೆಗೆ, ಅಂದರೆ ಪೂರ್ವಜರ ಮೂಲಮನೆಗೆ, ಒಂದೇ ಮನೆಹೆಸರಿಗೆ ಸೇರಿದ ಬಳಗವೇ ಒಕ್ಕ. ಈ ಅಭಿಮಾನಿಯ ಮೂಲ ನೆಲೆ ಕೊಡಗು. ಓದು, ನೌಕರಿಗಳ ನೆಪದಲ್ಲಿ ಮೈಸೂರು, ಬೆಂಗಳೂರು, ದೂರದ ಕಂಟೋನ್ಮೆಂಟುಗಳವರೆಗೂ ಹರಡಿಕೊಂಡಿದ್ದಾನೆ. ವಯಸ್ಸು ಎಂಟರಿಂದ ಎಂಬತ್ತೆಂಟರವರೆಗೆ ಎಷ್ಟಾದರೂ ಇರಬಹುದು. ವರ್ಷದ ಹೆಚ್ಚಿನ ಕಾಲ ಇವನನ್ನು ಉಳಿದವರಿಂದ ಬೇರೆ ಮಾಡಿ ಗುರುತಿಸುವುದು ಕಷ್ಟ. ಕಾಫಿ ದರ, ಕರಿಮೆಣಸಿನ ದರ, ಆನೆ ಹಾವಳಿ ಎಂದು ಎಲ್ಲರಂತೆ ಮಾತಾಡಿಕೊಂಡಿರುತ್ತಾನೆ. ಏಪ್ರಿಲ್ ಬಂದಾಗ ಲಕ್ಷಣಗಳು ಬಯಲಾಗುತ್ತವೆ.

ಉತ್ಸವ ಶುರುವಾದದ್ದು 1997ರಲ್ಲಿ, ಕರಡ ಎಂಬ ಊರಿನಲ್ಲಿ. ಪಾಂಡಂಡ ಕುಟ್ಟಪ್ಪನವರು ಮುಂದೆ ನಿಂತು ನಡೆಸಿದ ಆ ಮೊದಲ ಕೂಟದಲ್ಲಿ 60 ಒಕ್ಕಗಳು ಆಡಿದವು. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ನಲ್ಲಿ ಸಂಖ್ಯೆ 396ಕ್ಕೆ ಏರಿತು. ಪ್ರತಿವರ್ಷ ಒಂದೊಂದು ಒಕ್ಕ ಆತಿಥ್ಯ ವಹಿಸುತ್ತದೆ. ಕಪ್‌ಗೂ ಅದರದೇ ಹೆಸರು. ಬೇರೆ ಕಡೆಯ ಲೀಗ್ ಪಂದ್ಯಗಳಲ್ಲಿ ತಂಡವೊಂದು ಅರ್ಧ ಆಟ ತನ್ನೂರಿನಲ್ಲಿಯೂ ಅರ್ಧ ಪರಊರಿನಲ್ಲಿಯೂ ಆಡುತ್ತದೆ. ಇಲ್ಲಿ ಆತಿಥೇಯರೊಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಪರಊರಿನವರೇ. ಆತಿಥೇಯರಿಗಾದರೂ ಸುಖವಿದೆಯೇ ಎಂದರೆ ಅದೂ ಇಲ್ಲ. ನೀರು, ನೆರಳು, ಪಾರ್ಕಿಂಗ್, ಗಣ್ಯರ ಸ್ವಾಗತ ಎಂದು ಓಡಾಡುವಷ್ಟರಲ್ಲಿ ಅವರ ಪಂದ್ಯ ಮುಗಿದು, ಯಾರು ಗೆದ್ದರೆಂದು ಅತಿಥಿಗಳನ್ನೇ ಕೇಳಬೇಕಾಗುತ್ತದೆ.

ಈ ಅಭಿಮಾನ ಹುಟ್ಟಿನಿಂದ ಬಂದದ್ದು. ಐಪಿಎಲ್ ಅಭಿಮಾನಿಗೆ ತಂಡ ಬೇಸರವಾದರೆ ಬೇರೆ ಬಣ್ಣದ ಅಂಗಿ ಕೊಳ್ಳುವ ದಾರಿಯಿದೆ. ಒಕ್ಕದ ಅಭಿಮಾನಿಗೆ ಆ ದಾರಿಯಿಲ್ಲ; ತಂಡ ಮೊದಲ ಸುತ್ತು ದಾಟದೆ ಹದಿನೈದು ವರ್ಷವಾಗಿದ್ದರೂ ಅದು ಅವನ ಹೆಸರಿನ ಮುಂದೆಯೇ ಕುಳಿತಿದೆ. ಹೊರಗಿನವರಿಗೆ ಎಂ.ಎಂ. ಸೋಮಯ್ಯ ಎಂದರೆ 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಆಟಗಾರ, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕ. ಇವನಿಗೆ ಅವರು ಮೊದಲು ಮನೆಯಪಂಡ ಒಕ್ಕದವರು. ಚಿನ್ನದ ಪದಕ ಆಮೇಲಿನ ವಿಚಾರ. ಭಾರತ ತಂಡದ ಪಟ್ಟಿ ಪ್ರಕಟವಾದಾಗ ಇನಿಷಿಯಲ್ ನೋಡಿ ಒಕ್ಕ ಹುಡುಕುತ್ತಾನೆ, ಒಕ್ಕದಿಂದ ತನಗೂ ಆ ಹುಡುಗನಿಗೂ ಇರುವ ನೆಂಟಸ್ತಿಕೆ ಹುಡುಕುತ್ತಾನೆ, ಅದು ಇತ್ಯರ್ಥವಾದ ಮೇಲೆ ಹುಡುಗ ಫಾರ್ವರ್ಡೋ ಹಾಫೋ ಎಂದು ವಿಚಾರಿಸುತ್ತಾನೆ.

ಋತು ಆರಂಭವಾಗುವುದು ಯಾರಿಗೆ ಯಾರು ಎದುರಾಳಿ ಎಂದು ತಿಳಿಸುವ ಟೈಸ್ ಪಟ್ಟಿಯಿಂದ. ಪಟ್ಟಿ ಬಂದ ಗಳಿಗೆಗೆ ಒಕ್ಕದ ವಾಟ್ಸ್‌ಆ್ಯಪ್ ಗುಂಪು ಎದ್ದು ಕೂರುತ್ತದೆ. ಎದುರಾಳಿ ಬಲಿಷ್ಠವಾಗಿದ್ದರೆ “ಟೈಸ್ ಸರಿಯಾಗಿ ಹಾಕಿಲ್ಲ” ಎಂಬ ಅಭಿಪ್ರಾಯ, ಬಡಪಾಯಿ ತಂಡವಾಗಿದ್ದರೆ “ಈ ಸಲ ಫೈನಲ್” ಎಂಬ ಅಭಿಪ್ರಾಯ ವ್ಯಕ್ತವಾಗುತ್ತದೆ. ಇವೆರಡರ ನಡುವಿನ ಅಭಿಪ್ರಾಯ ಈವರೆಗೆ ಯಾವ ಗುಂಪಿನಲ್ಲೂ ಬಂದದ್ದಿಲ್ಲ. ಮುಂದಿನದು 11 ಜನರನ್ನು ಹೊಂದಿಸುವ ಕೆಲಸ. ಹೇಳಿಕೆಗೆ ಇದು ಕ್ಯಾಪ್ಟನ್ ಜವಾಬ್ದಾರಿ, ನಡೆಸುವವನು ಅಭಿಮಾನಿ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನಿಗೆ ರಜೆ ಹಾಕಿಸಬೇಕು, ಸೈನ್ಯದಲ್ಲಿರುವವನ ಲೀವು ಯಾವ ತಾರೀಕಿಗೆ ಎಂದು ತಿಳಿಯಬೇಕು, ಸಿಇಟಿ ಬರೆಯಬೇಕಾದವನ ತಾಯಿಯನ್ನು ಒಪ್ಪಿಸಬೇಕು. ಅಪ್ಪ, ಮಗ, ಮಗಳು ಒಂದೇ ತಂಡದಲ್ಲಿ ಆಡುವುದು ಈ ಉತ್ಸವದಲ್ಲಿ ಹೊಸದಲ್ಲ. ಹೀಗಾಗಿ ಅಭಿಮಾನಿಗೂ ಒಂದು ಆಸೆ ಉಳಿದಿರುತ್ತದೆ. ಅಟ್ಟದಿಂದ ಹಳೆಯ ಸ್ಟಿಕ್ ಇಳಿಸಿ, ಧೂಳು ಒರೆಸಿ, “ಆಳು ಕಡಿಮೆ ಬಿದ್ದರೆ ಹೇಳಿ, ನಾನಿದ್ದೇನೆ” ಎನ್ನುತ್ತಾನೆ. ಹತ್ತೇ ಜನರಲ್ಲಿ ಆಡಿದರೂ ನಡೆಯುತ್ತದೆ ಎಂದು ಕ್ಯಾಪ್ಟನ್ ತೀರ್ಮಾನಿಸುವುದು ಸಾಮಾನ್ಯವಾಗಿ ಈ ಮಾತಿನ ನಂತರ.

ಪಂದ್ಯ ಹನ್ನೊಂದು ಗಂಟೆಗೆ ಇದ್ದರೆ ಮನೆ ಬಿಡುವುದು ಆರಕ್ಕೆ. ತಿರುವು ರಸ್ತೆ ಎಂಬುದು ಹೊರಗೆ ಹೇಳುವ ಕಾರಣ; ದಾರಿಯುದ್ದಕ್ಕೂ ಇರುವ ನೆಂಟರ ಮನೆಗಳು ಒಳಗಿನ ಕಾರಣ. ಗೇಟಿನ ಮುಂದೆ ಜೀಪು ಹಾದುಹೋದದ್ದು ಕಂಡೂ ಒಳಗೆ ಬಂದು ಕಾಫಿ ಕುಡಿಯದೆ ಹೋದರೆ ಆ ಮಾತು ಮುಂದಿನ ಮದುವೆಮನೆಯವರೆಗೂ ಜೀವಂತವಾಗಿರುತ್ತದೆ. ಜೀಪಿನ ಹಿಂಬದಿಯಲ್ಲಿ ಮಡಚುವ ಕುರ್ಚಿಗಳು, ಎರಡು ಕೊಡೆ, ಕಾಫಿಯ ಫ್ಲಾಸ್ಕು, ಅಕ್ಕಿಯುಂಡೆಯ ಕಡಂಬುಟ್ಟು ತುಂಬಿದ ಬುಟ್ಟಿ, ಮುಚ್ಚಳಕ್ಕೆ ಬಟ್ಟೆ ಬಿಗಿದು ಕಟ್ಟಿದ ಪಂದಿಕರಿಯ ಪಾತ್ರೆ ಇರುತ್ತವೆ. ಜೊತೆಗೆ ಒಂದು ಐಸ್ ಪೆಟ್ಟಿಗೆ. ಆಟಗಾರರ ಗಾಯಕ್ಕೆಂದು ತಂದದ್ದು ಎಂದು ವಿವರಣೆ ಸಿಗುತ್ತದಾದರೂ ಅದರೊಳಗಿನ ಬಾಟಲಿಗಳಿಗೆ ಗಾಯವಾದಂತೆ ಕಾಣುವುದಿಲ್ಲ. ಅಭಿಮಾನಿ ತೊಟ್ಟಿರುವುದು ಒಕ್ಕದ ಟೀ ಶರ್ಟು. ಬೆನ್ನ ಮೇಲೆ ಮನೆಹೆಸರು ದೊಡ್ಡ ಅಕ್ಷರದಲ್ಲಿದೆ. ಅಳತೆ ಬರೆಸಿದ್ದು ಕೆಲವು ಉತ್ಸವಗಳ ಹಿಂದೆ. ಅಂದಿನಿಂದ ಟೀ ಶರ್ಟು ಇದ್ದಷ್ಟೇ ಇದೆ, ಅಭಿಮಾನ ಬೆಳೆದಿದೆ.

ಮೈದಾನದಲ್ಲಿ ಇವನ ಜಾಗ ನಿಶ್ಚಿತ. ಗ್ಯಾಲರಿಯನ್ನೂ ಶಾಮಿಯಾನವನ್ನೂ ಬಿಟ್ಟು ಎದುರಾಳಿಯ ಗೋಲಿನ ಪಕ್ಕದಲ್ಲಿ ಕುರ್ಚಿ ಬಿಡಿಸುತ್ತಾನೆ. ಗೋಲು ಬೀಳುವುದು ಅಲ್ಲಿಯೇ ಎಂಬುದು ಇದರ ಹಿಂದಿನ ಸಿದ್ಧಾಂತ. ಆಟ ಶುರುವಾಗಿ ಐದು ನಿಮಿಷಕ್ಕೆ ಗೋಲು ಬೀಳುವ ಸಂಭವ ಆಚೆ ತುದಿಯಲ್ಲೇ ಹೆಚ್ಚೆಂದು ತಿಳಿದು, ಕುರ್ಚಿ ಬಿಟ್ಟು ಅತ್ತ ಓಡುತ್ತಾನೆ. ಹಾಕಿ ಮೈದಾನದ ಉದ್ದ 91.4 ಮೀಟರ್. ಚೆಂಡಿನ ಜೊತೆಗೆ ಗೆರೆಯ ಹೊರಗೆ ಅಷ್ಟುದ್ದಕ್ಕೂ ಹೋಗಿ ಬರುವ ಇವನು ಸ್ವಂತ ಒಕ್ಕದ ಫುಲ್‌ಬ್ಯಾಕ್‌ಗಿಂತ ಹೆಚ್ಚು ದೂರ ಕ್ರಮಿಸುವುದು ಅಪರೂಪವಲ್ಲ. ಧ್ವನಿವರ್ಧಕದಲ್ಲಿ ಕೊಡವ ತಕ್ಕ್ ಭಾಷೆಯ ವೀಕ್ಷಕ ವಿವರಣೆ ನಡೆದೇ ಇರುತ್ತದೆ. ಇವನಿಗೆ ಅದರ ಅಗತ್ಯವಿಲ್ಲ. ಇವನ ಸುತ್ತ ಇಪ್ಪತ್ತು ಮಾರು ದೂರದಲ್ಲಿರುವವರಿಗೆ ಅದು ಕೇಳಿಸುವುದೂ ಇಲ್ಲ.

ಇವನ ಹಾಕಿ ಜ್ಞಾನ ಪದರ ಪದರವಾಗಿದೆ. ತಳದ ಪದರ ಇತಿಹಾಸ. 1975ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ಭಾರತ ವಿಶ್ವಕಪ್ ಗೆದ್ದ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದದ್ದು ಇವನಿಗೆ ನಿನ್ನೆಯ ಸುದ್ದಿ. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಆಟ ನಡೆದು ಭಾರತ ಏಳನೇ ಸ್ಥಾನಕ್ಕಿಳಿದದ್ದು ಇಂದಿಗೂ ಆರದ ಗಾಯ. ಟರ್ಫ್ ಬಂದು ಹಾಕಿ ಕೆಟ್ಟಿತು ಎನ್ನುತ್ತಾನೆ. ಉತ್ಸವದ ಮಣ್ಣಿನ ಮೈದಾನದಲ್ಲಿ ಚೆಂಡು ಪುಟಿದು ತನ್ನ ತಂಡದ ಗೋಲಿಗೆ ಬಿದ್ದರೆ, ಟರ್ಫ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದೂ ಅವನೇ ಎನ್ನುತ್ತಾನೆ. ಎರಡನೆಯ ಪದರ ನಿಯಮಗಳು. ಆಫ್‌ಸೈಡ್ ನಿಯಮ 1990ರ ದಶಕದ ಕೊನೆಗೆ ರದ್ದಾಯಿತು; ಇವನ ಮಟ್ಟಿಗೆ ಅದು ಎದುರಾಳಿಗಳಿಗೆ ಇನ್ನೂ ಜಾರಿಯಲ್ಲಿದೆ. ಹೆಗಲಿಗಿಂತ ಮೇಲೆ ಸ್ಟಿಕ್ ಎತ್ತಿದರೆ ತಪ್ಪು ಎಂಬ ಹಳೆಯ ನಿಯಮವೂ ಹೋಗಿ ಬಹುಕಾಲವಾಯಿತು. ಹಿರಿಯ ಅಭಿಮಾನಿ ಇಂದಿಗೂ “ಸ್ಟಿಕ್ಸ್!” ಎಂದು ಕೂಗುತ್ತಾನೆ, ಪಕ್ಕದಲ್ಲಿರುವ ಅದೇ ವಯಸ್ಸಿನವರು ಗಂಭೀರವಾಗಿ ತಲೆಯಾಡಿಸುತ್ತಾರೆ. ಮೇಲಿನ ಪದರ ಕೇವಲ ಧ್ವನಿ. ಅದರಲ್ಲಿ ಮುಖ್ಯ ಶಬ್ದ “ಫುಟ್!” ಎದುರಾಳಿಯ ಕಾಲಿಗೆ ಚೆಂಡು ತಾಗಿದರೆ, ತಾಗುವಂತಿದ್ದರೆ, ತಾಗಬಹುದಿತ್ತು ಎನಿಸಿದರೆ ಇದು ಹೊರಬೀಳುತ್ತದೆ. ಸ್ವಂತ ಹುಡುಗರ ಕಾಲಿಗೆ ತಾಗಿದಾಗ ಈತ ಶೂ ಲೇಸ್ ಕಟ್ಟಿಕೊಳ್ಳುತ್ತಿರುತ್ತಾನೆ.

ಆದರೂ ಈತ ಎದುರಾಳಿಯನ್ನು ಬಾಯ್ತುಂಬ ಬೈಯಲಾರ. ಬೇರೆಡೆಯ ಅಭಿಮಾನಿಗಳಿಗೂ ಇವನಿಗೂ ಇರುವ ಮೂಲ ವ್ಯತ್ಯಾಸ ಇದೇ. ಕೊಡವರಲ್ಲಿ ಒಂದೇ ಒಕ್ಕದೊಳಗೆ ಮದುವೆಯಿಲ್ಲ. ಹೆಣ್ಣು ತರುವುದು, ಹೆಣ್ಣು ಕೊಡುವುದು ಎರಡೂ ಬೇರೆ ಒಕ್ಕಗಳ ಜೊತೆ. ಹೀಗಾಗಿ ಎದುರಿಗೆ ಯಾವ ತಂಡ ಬಂದು ನಿಂತರೂ ಅದರಲ್ಲಿ ಒಬ್ಬ ಬಾವ, ಒಬ್ಬ ಸೋದರಳಿಯ, ಒಬ್ಬ ಬೀಗರ ಮಗ ಇದ್ದೇ ಇರುತ್ತಾನೆ. ಗೋಲಿನ ಪಕ್ಕದಲ್ಲಿ ಕುರ್ಚಿ ಹಾಕಿದ ಅಭಿಮಾನಿಗೂ, ತಂಗಿಯ ಗಂಡನೇ ಆದ ಎದುರಾಳಿ ಗೋಲ್‌ಕೀಪರಿಗೂ ಆಟದ ನಡುವೆ ನಡೆಯುವ ಸಂಭಾಷಣೆ ಹೀಗಿರುತ್ತದೆ:

“ಬಾವ, ಭಾನುವಾರ ಬರ್ತೀವಿ ಅಂದಿದ್ರಿ. ಕೋಳಿ ಕೂಡ ಕೊಯ್ದಾಗಿತ್ತು.”

ಗೋಲ್‌ಕೀಪರ್ ಹೆಲ್ಮೆಟ್ಟಿನೊಳಗಿಂದ ಹೇಳುತ್ತಾನೆ: “ತೋಟದಲ್ಲಿ ಪಂಪ್ ಕೆಟ್ಟೋಯ್ತು ಬಾವ. ಮೆಕ್ಯಾನಿಕ್ ಬಂದಾಗ ಸಂಜೆ ಆಗಿತ್ತು.”

ಅಷ್ಟರಲ್ಲಿ ಅಭಿಮಾನಿಯ ಅಣ್ಣನ ಮಗ ಬಲಗಡೆಯಿಂದ ನುಗ್ಗಿ ಹೊಡೆಯುತ್ತಾನೆ. ಗೋಲ್‌ಕೀಪರ್ ಪ್ಯಾಡಿನಿಂದ ಒದ್ದು ಚೆಂಡನ್ನು ಹೊರಗೆ ಹಾಕುತ್ತಾನೆ.

“ಛೆ! ಮಾತಾಡುವಾಗ ಸ್ವಲ್ಪ ಈ ಕಡೆ ತಿರುಗಿ ಮಾತಾಡಬಾರದಾ?”

“ಮಾತಿಗೆ ಎಳೆದದ್ದು ನೀವೇ ಅಲ್ವಾ ಬಾವ?”

“ಮತ್ತೆ ಯಾಕೆ ಎಳೆದೆ ಅಂದುಕೊಂಡ್ರಿ?”

ಹೀಗೆ ಎಲ್ಲ ದಿಕ್ಕಿನಲ್ಲೂ ನೆಂಟಸ್ತಿಕೆ ಅಡ್ಡ ಬರುವುದರಿಂದ ಒಟ್ಟು ಸಿಟ್ಟೆಲ್ಲ ಅಂಪೈರ್ ಪಾಲಿಗೆ ಉಳಿಯುತ್ತದೆ. ಅಂಪೈರಿಗೆ ಕಣ್ಣು ಕಾಣುವುದಿಲ್ಲ, ಕಂಡರೂ ನಿಯಮ ಗೊತ್ತಿಲ್ಲ, ಗೊತ್ತಿದ್ದರೂ ಸೀಟಿ ಊದುವ ಮನಸ್ಸಿಲ್ಲ ಎಂದು ಹಂತ ಹಂತವಾಗಿ ವಾದ ಬೆಳೆಯುತ್ತದೆ. ಉತ್ಸವ ಹುಟ್ಟುಹಾಕಿದ ಕುಟ್ಟಪ್ಪನವರೇ ಹಾಕಿ ಅಂಪೈರ್ ಆಗಿದ್ದವರು ಎಂದು ಯಾರಾದರೂ ನೆನಪಿಸಿದರೆ, “ಅಂಥವರು ಈಗ ಎಲ್ಲಿದ್ದಾರೆ” ಎಂಬ ಉತ್ತರ ಸಿದ್ಧವಿದೆ. ಪಂದ್ಯ ಮುಗಿದ ಮೇಲೆ ಅಂಪೈರ್ ನೀರು ಕುಡಿಯಲು ಈ ಕಡೆ ಬರುತ್ತಾನೆ. ಮಾತಿಗೆ ಮಾತು ಬಂದು, ಅವನ ಚಿಕ್ಕಮ್ಮನನ್ನು ಕೊಟ್ಟಿರುವುದು ಇವರ ಪಕ್ಕದ ಮನೆಗೇ ಎಂದು ತಿಳಿಯುತ್ತದೆ. ಆ ಕ್ಷಣದಿಂದ ತೀರ್ಪುಗಳು ಅಷ್ಟೇನೂ ಕೆಟ್ಟದಾಗಿರಲಿಲ್ಲ ಎಂದಾಗುತ್ತದೆ.

ಹೆಂಗಸರಲ್ಲಿ ಈ ಅಭಿಮಾನ ಹೆಚ್ಚು ಸೂಕ್ಷ್ಮ. ಮದುವೆಯಾದ ಹೆಣ್ಣುಮಗಳಿಗೆ ಗಂಡನ ಒಕ್ಕ, ತವರೊಕ್ಕ ಎಂದು ಎರಡು ತಂಡ. ಅವೆರಡೇ ಎದುರು ಬದುರಾದ ದಿನ ಆಕೆ ಅಳತೆ ಮಾಡಿದಂತೆ ಮಧ್ಯದ ಗೆರೆಯ ನೇರಕ್ಕೆ ಕೂರುತ್ತಾಳೆ. ಯಾರು ಗೆಲ್ಲಬೇಕು ಎಂದು ಕೇಳಿದರೆ “ಚೆನ್ನಾಗಿ ಆಡಿದವರು ಗೆಲ್ಲಲಿ” ಎನ್ನುತ್ತಾಳೆ. ಗಂಡನ ಕಡೆಯವರು ಗೋಲು ಹಾಕಿದಾಗ ಚಪ್ಪಾಳೆ ತಟ್ಟುತ್ತಾಳೆ. ತವರಿನವರು ಹಾಕಿದಾಗ ಕೈಚೀಲದೊಳಗೆ ಮುಖವಿಟ್ಟು ಏನನ್ನೋ ಹುಡುಕುತ್ತಾಳೆ. ಅಷ್ಟು ಹೊತ್ತು ಹುಡುಕುವಷ್ಟು ದೊಡ್ಡ ಕೈಚೀಲ ಅದಲ್ಲ. ಗಂಡನಿಗೆ ಇದು ಗೊತ್ತು. ತನ್ನ ತಾಯಿಯೂ ಎಷ್ಟೋ ವರ್ಷ ಹೀಗೆಯೇ ಹುಡುಕುತ್ತಿದ್ದುದನ್ನು ಅವನು ಕಂಡಿದ್ದಾನೆ.

ಮಳೆಯ ವಿಷಯದಲ್ಲಿ ಅಭಿಮಾನಿಗೆ ಧರ್ಮಸಂಕಟ. ಹೂಮಳೆ ಬಿದ್ದು ಅರಳಿದ ಕಾಫಿಗೆ ಕೆಲವು ವಾರಗಳೊಳಗೆ ಇನ್ನೊಂದು ಮಳೆ ಬೇಕು. ಇಲ್ಲದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಆ ವಾರಗಳು ಬಹುಪಾಲು ಹಾಕಿಯ ವಾರಗಳೇ. ಮಣ್ಣಿನ ಮೈದಾನಕ್ಕೆ ಮಳೆ ಬಂದರೆ ಪಂದ್ಯ ನಿಲ್ಲುತ್ತದೆ. ಕಕ್ಕಬೆಯ ಪಾಡಿ ಇಗ್ಗುತ್ತಪ್ಪನನ್ನು ಕೊಡವರು ಮಳೆ ಬೆಳೆಗಳ ದೇವರೆಂದು ನಂಬುತ್ತಾರೆ. ಆತನಿಗೆ ಈ ದಿನಗಳಲ್ಲಿ ತಲುಪುವ ಬೇಡಿಕೆಗಳು ತೋಟದ ಸರ್ವೆ ನಂಬರ್ ಸಮೇತ ಇರುತ್ತವೆ: ಬೇಲಿಯ ಒಳಗೆ ಎರಡು ಇಂಚು, ಮೈದಾನದಲ್ಲಿ ಒಂದು ಹನಿಯೂ ಬೇಡ, ನಾಳೆಯಿಂದಾದರೆ ಎಲ್ಲಿ ಬೇಕಾದರೂ ಸರಿ.

ಸಮಬಲವಾದ ಪಂದ್ಯ ಶೂಟ್‌ಔಟ್‌ಗೆ ಹೋದರೆ ಅಭಿಮಾನಿಯ ಸ್ಥಿತಿ ಹೇಳತೀರದು. ಈಗಿನ ಅಂತರರಾಷ್ಟ್ರೀಯ ನಿಯಮದಲ್ಲಿ ಆಟಗಾರನಿಗೆ ಗೋಲ್‌ಕೀಪರನನ್ನು ವಂಚಿಸಲು ಸಿಗುವುದು ಎಂಟು ಸೆಕೆಂಡು. ಅಷ್ಟರೊಳಗೆ ಅಭಿಮಾನಿ ಅವನಿಗೆ ಆರು ಸಲಹೆ ಕೊಡುತ್ತಾನೆ, ಅವುಗಳಲ್ಲಿ ಮೂರು ಉಳಿದ ಮೂರಕ್ಕೆ ವಿರುದ್ಧ. ಹಿರಿಯರು ನೋಡುವುದೇ ಇಲ್ಲ, ಬೆನ್ನು ತಿರುಗಿಸಿ ನಿಲ್ಲುತ್ತಾರೆ. 1973ರ ವಿಶ್ವಕಪ್ ಫೈನಲ್‌ನಲ್ಲಿ ಎಂ.ಪಿ. ಗಣೇಶ್ ನಾಯಕತ್ವದ ಭಾರತ ಎರಡು ಗೋಲು ಮುಂದಿದ್ದೂ, ಸಮವಾಗಿ, ಕೊನೆಗೆ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ನೆದರ್ಲೆಂಡ್ಸ್‌ಗೆ ಸೋತಿತು. ಗಣೇಶ್ ಕೊಡಗಿನವರು. ಆ ಸೋಲನ್ನು ರೇಡಿಯೋ ಮುಂದೆ ಕೂತು ಅನುಭವಿಸಿದವರಿಗೆ ಸ್ಟ್ರೋಕು, ಶೂಟ್‌ಔಟು ಯಾವುದರಲ್ಲೂ ನಂಬಿಕೆಯಿಲ್ಲ.

ಸೋಲು ಈ ಅಭಿಮಾನಿಯ ಸಹಜ ಸ್ಥಿತಿ. ಇದನ್ನು ಲೆಕ್ಕದಿಂದಲೇ ತೋರಿಸಬಹುದು. ಸೋತವರು ಹೊರಗೆ ಎಂಬ ನಾಕೌಟ್ ಪದ್ಧತಿಯಲ್ಲಿ 396 ತಂಡಗಳು ಆಡಿದರೆ 395 ತಂಡಗಳು ಸೋತೇ ಮನೆಗೆ ಹೋಗಬೇಕು. ಸೋಲಿಗೆ ಕೊಡುವ ಕಾರಣಗಳಿಗೂ ಒಂದು ಕ್ರಮವಿದೆ. ಮೈದಾನ ಬಿಡುವ ಮೊದಲು ಅಂಪೈರ್ ಕಾರಣ. ಊಟದ ಹೊತ್ತಿಗೆ ಮಣ್ಣು. ಎರಡನೇ ಸಲ ಬಡಿಸಿಕೊಳ್ಳುವಾಗ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ನಿದ್ದೆಗೆಟ್ಟ ಸೆಂಟರ್ ಹಾಫ್. ಸಂಜೆಯ ಹೊತ್ತಿಗೆ, ಅಭ್ಯಾಸಕ್ಕೆ ಒಂದು ದಿನವೂ ಬಾರದ ಇಡೀ ತಂಡ. ತನ್ನನ್ನು ಆಡಿಸಲಿಲ್ಲ ಎಂಬ ಕಾರಣವನ್ನು ಅಭಿಮಾನಿ ಬಾಯಿಬಿಟ್ಟು ಹೇಳುವುದಿಲ್ಲ. ಅಟ್ಟದಿಂದ ಇಳಿಸಿದ ಸ್ಟಿಕ್ಕನ್ನು ಎಲ್ಲರಿಗೂ ಕಾಣುವಂತೆ ಜೀಪಿನೊಳಗೆ ಇಡುತ್ತಾನೆ.

ಬೇರೆಡೆಯ ಅಭಿಮಾನಿ ತಂಡ ಸೋತ ಮೇಲೆ ಟಿವಿ ಆರಿಸುತ್ತಾನೆ. ಒಕ್ಕದ ಅಭಿಮಾನಿಯ ಉತ್ಸವ ನಿಜವಾಗಿ ಶುರುವಾಗುವುದೇ ಇಲ್ಲಿಂದ. ಸ್ವಂತ ಒಕ್ಕ ಹೊರಬಿದ್ದ ಮರುದಿನ ಆತ ತಾಯಿಯ ತವರಿನ ತಂಡಕ್ಕೆ ಸೇರುತ್ತಾನೆ. ಅದೂ ಸೋತರೆ ಹೆಂಡತಿಯ ತವರು. ಆಮೇಲೆ ಮಗಳನ್ನು ಕೊಟ್ಟ ಒಕ್ಕ. ಆಮೇಲೆ ಅಕ್ಕತಂಗಿಯರನ್ನು ಕೊಟ್ಟ ಒಕ್ಕಗಳು, ಹಿರಿತನದ ಪ್ರಕಾರ. ಇವೆಲ್ಲ ಮುಗಿದ ಮೇಲೆ, ತಮ್ಮನ್ನು ಸೋಲಿಸಿದ ತಂಡ. ಈ ಕೊನೆಯ ನಿಷ್ಠೆಗೆ ತರ್ಕವಿದೆ. ಆ ತಂಡ ಕಪ್ ಗೆದ್ದರೆ, ಚಾಂಪಿಯನ್ನರ ಕೈಯಲ್ಲಿ ಒಂದೇ ಗೋಲಿನಿಂದ ಸೋತವರು ನಾವು ಎಂದು ಹೇಳಿಕೊಳ್ಳಬಹುದು. ಗೋಲಿನ ಸಂಖ್ಯೆ ಪ್ರತಿವರ್ಷ ಒಂದೊಂದು ಕಡಿಮೆಯಾಗುತ್ತ ಬರುತ್ತದೆ. ಮೊದಲ ಸುತ್ತಿನಲ್ಲೇ ಸೋತ ಒಕ್ಕದವನೂ ಹೀಗೆ ಸಂಬಂಧದ ಮೆಟ್ಟಿಲು ಹತ್ತುತ್ತ ಫೈನಲ್‌ವರೆಗೆ ಬಂದು ತಲುಪುತ್ತಾನೆ. ಫೈನಲ್ ದಿನ ಮೈದಾನದ ಸುತ್ತ ತುಂಬಿ ನಿಂತವರಲ್ಲಿ ಆ ಎರಡು ಒಕ್ಕಗಳಿಗೆ ಸೇರಿದವರು ಕೈಬೆರಳೆಣಿಕೆಯಷ್ಟು, ಉಳಿದವರೆಲ್ಲ ಈ ದಾರಿಯಲ್ಲಿ ಬಂದವರು.

ಇಷ್ಟೆಲ್ಲ ನೋಡಿದ ಮೇಲೆ ಈತನ ಸ್ಥಾನ ನಿರ್ಣಯಿಸುವುದು ಕಷ್ಟವಲ್ಲ. ಹಾಕಿಯ ಗುಣಮಟ್ಟಕ್ಕೆ ಇವನಿಂದ ಆದ ಉಪಕಾರ ಅಷ್ಟಕ್ಕಷ್ಟೆ. ಇವನ ಸಲಹೆ ಕೇಳಿ ಗೋಲು ಹೊಡೆದ ಆಟಗಾರ ಇನ್ನೂ ಸಿಕ್ಕಿಲ್ಲ. ಆದರೆ ನೌಕರಿಗೆಂದು ಚದುರಿಹೋದ ಒಕ್ಕದವರನ್ನು ವರ್ಷಕ್ಕೊಮ್ಮೆ ಫೋನು ಮಾಡಿ ಮಾಡಿ ಊರಿಗೆ ಎಳೆದು ತರುವವನು, ಒಬ್ಬರನ್ನೊಬ್ಬರು ನೋಡಿರದ ದಾಯಾದಿ ಮಕ್ಕಳಿಗೆ ಒಂದೇ ಬಣ್ಣದ ಅಂಗಿ ತೊಡಿಸಿ ಪಕ್ಕಪಕ್ಕದಲ್ಲಿ ನಿಲ್ಲಿಸುವವನು ಇವನೇ. 60 ತಂಡ 396 ಆದದ್ದರಲ್ಲಿ ಸ್ಟಿಕ್ ಹಿಡಿದವರ ಪಾಲೆಷ್ಟೋ ಕುರ್ಚಿ ಹೊತ್ತವರ ಪಾಲೂ ಅಷ್ಟೇ ಇದೆ.

ಏಪ್ರಿಲ್‌ನಲ್ಲಿ ಕೊಡಗಿಗೆ ಹೋಗುವ ಓದುಗರು ಅಬ್ಬಿ ಜಲಪಾತ, ರಾಜಾಸೀಟ್‌ಗಳ ನಡುವೆ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಆ ವರ್ಷದ ಮೈದಾನ ಎಲ್ಲಿದೆಯೆಂದು ವಿಚಾರಿಸಿ ಹೋಗಬೇಕು. ಗೆರೆಯ ಪಕ್ಕ ನಿಂತ ಕೂಡಲೆ ಯಾವ ತಂಡದ ಕಡೆ ಎಂಬ ಪ್ರಶ್ನೆ ಬರುತ್ತದೆ. ಯಾವ ಕಡೆಯೂ ಅಲ್ಲ ಎನ್ನುವುದು ತಪ್ಪು ಉತ್ತರ. ಹತ್ತಿರದಲ್ಲಿ ಪಂದಿಕರಿಯ ಪಾತ್ರೆಗೆ ಕಟ್ಟಿದ ಬಟ್ಟೆ ಬಿಚ್ಚುತ್ತಿರುವವರ ಬೆನ್ನ ಮೇಲಿನ ಹೆಸರು ಓದಿ, ಅದನ್ನೇ ಗಟ್ಟಿಯಾಗಿ ಹೇಳುವುದು ಉತ್ತಮ.